‘ಓಡ್ತಾ ಇದೆ ಸಾರ್’

ನಮ್ಮ ಕಾಲದಲ್ಲಿ ಈ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಒಂದೊಂದು ಕಂಪ್ಯೂಟರಿಗೆ ಮೂರು ಮೂರು ಜನ. ಕರೆಂಟು ಹೋಗಿ ಯುಪಿಎಸ್ ಕುಂಯ್ ಅಂದರೆ ಸಾಕು, ಎಲ್ಲರ ಬೆರಳೂ ಬರೆದಿದ್ದನ್ನು ಉಳಿಸುವ ಎಫ್2 ಕೀಲಿಯ ಮೇಲೆ. ಆಗ ಪ್ರೋಗ್ರಾಂ ಬರೆಯಲು ಟರ್ಬೋ ಸಿ ಬಳಸಿದವರಿಗೆ ಗೊತ್ತಿರುತ್ತದೆ.

ನಾನು ಬಿ.ಎಸ್ಸಿ. ಓದುತ್ತಿದ್ದಾಗಲೇ, 1997ರ ಮೇ 11ರಂದು, ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್‌ರನ್ನು ಸೋಲಿಸಿತು. ಆರು ಆಟದ ಪಂದ್ಯ, ಮೂರೂವರೆ–ಎರಡೂವರೆ. ಕೋಲಾರದ ಡೂಂಲೈಟ್ ಸರ್ಕಲ್ ಹತ್ತಿರ ಟೀ ಕುಡಿಯುವಾಗಲೂ ನಮಗೆ ಅದೇ ಮಾತು. ಸೆಕೆಂಡಿಗೆ ಮಣೆಯ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತದಂತೆ! ಕ್ಲಾಸಿನಲ್ಲೂ ಅದನ್ನೇ ಹೇಳಿದೆವು. ಮೇಷ್ಟ್ರು ಅಷ್ಟೇನೂ ಬೆರಗಾಗಲಿಲ್ಲ. “ನೋಡೋದು ಇರಲಿ ಕಣಪ್ಪ. ಕುದುರೆ ಎಲ್ಲೆಲ್ಲಿಗೆ ಹೋಗಬಹುದು ಅಂತ ಅದಕ್ಕೆ ಯಾರೋ ಮೊದಲು ಹೇಳಿಕೊಟ್ಟಿರಬೇಕಲ್ಲ. ಹೇಳಿಕೊಟ್ಟಿದ್ದು ಸರಿಯಿದೆ ಅಂತ ಹೆಂಗೆ ಗೊತ್ತು?” ಅಂದರು.

ಮುಂದಿನ ವಾರ ಲ್ಯಾಬಿಗೆ ಒಂದು ಫ್ಲಾಪಿ ತಂದರು. ಹಿಂದಿನ ಬ್ಯಾಚಿನವರು ಬರೆದಿಟ್ಟಿದ್ದ ಆಡು-ಹುಲಿ ಆಟದ ಪ್ರೋಗ್ರಾಂ. 23 ಮನೆ, ಮೂರು ಹುಲಿ, ಹದಿನೈದು ಆಡು. ನಾವು ಆಡಿದೆವು, ಸೋತೆವು, ಒಮ್ಮೆ ಹುಲಿಗಳನ್ನು ಕಟ್ಟಿಯೂ ಹಾಕಿದೆವು. “ಸರಿಯಿದೆಯಾ?” ಅಂದರು. “ಓಡ್ತಾ ಇದೆ ಸಾರ್” ಅಂದೆವು. “ಓಡೋದು ಬೇರೆ, ಸರಿಯಿರೋದು ಬೇರೆ. ಎಣಿಸಿ.”

ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದರು. ಹುಲಿಗೆ ಕಲ್ಲು, ಆಡಿಗೆ ಹುಣಸೆ ಬೀಜ. ಒಂದು ಸ್ಥಿತಿ ಇಟ್ಟು, ಇಲ್ಲಿಂದ ಹುಲಿಗೆ ಎಷ್ಟು ನಡೆ ಇದೆ ಅಂತ ಕೈಯಲ್ಲಿ ಎಣಿಸಿಸಿದರು. ಅದೇ ಸ್ಥಿತಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಒಂದು ನಡೆ ಜಾಸ್ತಿ ಬಂತು. ಹುಡುಕಿದರೆ, ಅದರ ಹುಲಿ ಮೂಲೆಯಲ್ಲಿ ತಿರುಗಿ ಆಡನ್ನು ಹೊಡೆಯುತ್ತಿದೆ! ಹುಲಿ ಆಡಿನ ಮೇಲಿಂದ ನೇರ ಗೆರೆಯಲ್ಲೇ ಅದರಾಚೆಯ ಖಾಲಿ ಮನೆಗೆ ಹಾರಬೇಕು ಅಲ್ವಾ? ಚೆಸ್ ಮಣೆ ಚೌಕ, ಪಕ್ಕದ ಮನೆ ಯಾವುದು ಅಂತ ಕೂಡಿ ಕಳೆದು ಹೇಳಬಹುದು. ಆಡು-ಹುಲಿಯ ಗೆರೆಗಳು ತುದಿಯಿಂದ ಓರೆಯಾಗಿ ಇಳಿಯುತ್ತವೆ. ಪ್ರತಿ ಮನೆಗೂ ಪಕ್ಕದ ಮನೆ ಯಾವುದು, ಅದೇ ಗೆರೆಯಲ್ಲಿ ಅದರಾಚೆಯ ಮನೆ ಯಾವುದು ಅಂತ ಪಟ್ಟಿ ಬರೆದಿಡದೆ ಬೇರೆ ದಾರಿಯಿಲ್ಲ. ಆ ಪಟ್ಟಿಯನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ಬರೆದೆವು. ಇಷ್ಟು ದಿನ ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಟ ಆಡುವ ಪ್ರೋಗ್ರಾಮಿನ ಗ್ರಹಚಾರವೇ ಇದು. ಸಂಬಳದ ಲೆಕ್ಕ ತಪ್ಪಿದರೆ ಯಾರಾದರೂ ಜಗಳಕ್ಕೆ ಬರುತ್ತಾರೆ. ಇಲ್ಲಿ ನಿಯಮ ತಪ್ಪಿದರೂ ಪ್ರೋಗ್ರಾಂ ಸುಮ್ನೆ ಆಡಿಕೊಂಡು ಹೋಗುತ್ತದೆ, ಕೆಲವೊಮ್ಮೆ ಗೆಲ್ಲುತ್ತದೆ ಕೂಡ.

ಎಂಸಿಎ ಮುಗಿಸಿ ಬೆಂಗಳೂರಿಗೆ ಹೋದೆ. ಚೆಸ್, ಡ್ರಾಫ್ಟ್ಸ್, ಲೂಡೋ, ಈ ಆಟಗಳ ಪ್ರೋಗ್ರಾಂ ಬರೆಯುವುದೇ ನನ್ನ ಹೊಟ್ಟೆಪಾಡು. ಈ ಕಸುಬಿನಲ್ಲಿ ಮೇಷ್ಟ್ರ ಎಣಿಕೆಗೆ ಪರ್ಫ್ಟ್ ಅಂತ ಹೆಸರಿದೆ ಅಂತ ಆಮೇಲೆ ತಿಳಿಯಿತು. ಚೆಸ್‌ನಲ್ಲಿ ಮೊದಲ ನಡೆಗೆ 20 ದಾರಿ. ಎದುರಾಳಿಯದೂ ಸೇರಿದರೆ 400. ಆಮೇಲೆ 8,902, ನಂತರ 1,97,281, ಐದನೆಯದಕ್ಕೆ 48,65,609. ಜಗತ್ತಿನ ಯಾವ ಚೆಸ್ ಪ್ರೋಗ್ರಾಂ ಆದರೂ ಇಷ್ಟೇ ಹೇಳಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಪ್ರೋಗ್ರಾಂ ನಾಲ್ಕರವರೆಗೆ ಸರಿಯಾಗಿ ಹೇಳಿ, ಐದಕ್ಕೆ 48,65,351 ಅಂದಿತು. 258 ಕಡಿಮೆ. ಆ ಸಂಖ್ಯೆ ನೋಡಿದ ತಕ್ಷಣ ರೋಗ ಗೊತ್ತಾಗುತ್ತದೆ. ಎರಡು ಮನೆ ಮುಂದೆ ಬಂದ ಪೇದೆಯನ್ನು ಪಕ್ಕದ ಪೇದೆ ಓರೆಯಾಗಿ ಹೋಗಿ ಹೊಡೆಯುವ ‘ಆನ್ ಪಾಸಾ’ ನಿಯಮವನ್ನೇ ಬರೆದಿಲ್ಲ. ಅದಕ್ಕೆ ಅವಕಾಶ ಬರುವುದೇ ಐದನೆಯ ನಡೆಯಿಂದ.

ಕೀಪ್ಯಾಡ್ ಫೋನುಗಳ ಕಾಲದಲ್ಲಿ ಇಡೀ ಆಟವನ್ನು 64 ಕಿಲೋಬೈಟಿನಲ್ಲಿ ತುರುಕಬೇಕಿತ್ತು. ಚಿತ್ರಗಳೇ ಅರ್ಧ ಜಾಗ ತಿನ್ನುತ್ತಿದ್ದವು. ಆದರೂ ಗೆಲ್ಲುವ ಪ್ರೋಗ್ರಾಂ ಬರೆಯುವುದು ಅಷ್ಟು ಕಷ್ಟ ಅನ್ನಿಸಲಿಲ್ಲ. ಮರ್ಯಾದೆಯಾಗಿ ಸೋಲುವ ಪ್ರೋಗ್ರಾಂ ಬರೆಯುವುದರಲ್ಲಿ ಬೆವರು ಇಳಿಯಿತು. ದುಡ್ಡು ಕೊಟ್ಟವರಿಗೆ ಗೆಲ್ಲಬೇಕು ಅಂತ ಇರುತ್ತದಲ್ಲ. ಕಂಪ್ಯೂಟರ್ ಇದ್ದಕ್ಕಿದ್ದಂತೆ ಮಂತ್ರಿಯನ್ನು ಬಿಟ್ಟುಕೊಟ್ಟರೆ ಮಗುವಿಗೂ ಗೊತ್ತಾಗಿಬಿಡುತ್ತದೆ. ಕೊನೆಗೆ, ಒಳ್ಳೆಯ ನಡೆಗಳ ಅಂಕಗಳನ್ನು ಚೂರು ಅಲ್ಲಾಡಿಸಿ, ಎರಡನೆಯದನ್ನೋ ಮೂರನೆಯದನ್ನೋ ಆರಿಸುವ ಹಾಗೆ ಮಾಡಿದೆವು. ಮನುಷ್ಯರು ಸೋಲುವುದೂ ಹೆಚ್ಚುಕಡಿಮೆ ಹೀಗೇ.

ಲೂಡೋದ ಕಥೆ ಬೇರೆ. ‘ಕಂಪ್ಯೂಟರ್ ಬೇಕು ಅಂತಲೇ ಆರು ಹಾಕ್ಕೊಳ್ಳುತ್ತೆ’ ಅಂತ ದೂರೋ ದೂರು. ಬಿದ್ದ ದಾಳವನ್ನೆಲ್ಲ ದಾಖಲಿಸಿ ಎಣಿಸಿದೆವು. ಆರೂ ಮುಖ ಹೆಚ್ಚುಕಡಿಮೆ ಸಮ. ನಮ್ಮಮ್ಮ ಮಾತ್ರ ಇವತ್ತಿಗೂ ನಂಬಿಲ್ಲ.

2017ರಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್‌ನ ಆಲ್ಫಾಝೀರೋ ಬಂದಾಗ ನಮ್ಮ ಕೆಲಸ ಮುಗಿಯಿತು ಅಂದವರು ತುಂಬಾ ಜನ. ಯಾರ ಆಟವನ್ನೂ ನೋಡದೆ, ತನ್ನ ಜೊತೆ ತಾನೇ ಆಡಿ ಚೆಸ್ ಕಲಿತ ಪ್ರೋಗ್ರಾಂ ಅದು. ಆದರೆ ಅದಕ್ಕೂ ನಿಯಮಗಳನ್ನು ಮೊದಲೇ ಕೊಟ್ಟಿದ್ದರು. ಕುದುರೆ ಎಲ್ಲಿಗೆ ಹೋಗಬಹುದು ಅಂತ ಯಾರೋ ಕೂತು ಬರೆದಿದ್ದರು. ಮೇಷ್ಟ್ರು ಇದ್ದಿದ್ದರೆ ಆ ಭಾಗವನ್ನೇ ಮೊದಲು ತೋರಿಸಿ ಅನ್ನುತ್ತಿದ್ದರು.

ಈಗ ಬಿಡುವಿನಲ್ಲಿ ಆಡು-ಹುಲಿಯನ್ನೇ ಮತ್ತೆ ಕೈಗೆತ್ತಿಕೊಂಡಿದ್ದೇನೆ. ತೊಡಕು ಏನೆಂದರೆ, ಕೇಳಿದವರೆಲ್ಲ ಒಂದೊಂದು ನಿಯಮ ಹೇಳುತ್ತಾರೆ. ಎಲ್ಲ ಆಡುಗಳನ್ನೂ ಇಡುವ ತನಕ ಯಾವ ಆಡೂ ಕದಲಬಾರದು ಅಂತ ಒಬ್ಬರು, ಕದಲಬಹುದು ಅಂತ ಇನ್ನೊಬ್ಬರು. ಹುಲಿ ಒಂದೇ ಸಲಕ್ಕೆ ಎರಡು ಆಡು ಹೊಡೆಯಬಹುದೇ ಅನ್ನುವುದಕ್ಕೂ ಒಮ್ಮತವಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯಿಂದ ಕಾಲೇಜಿಗೆ ಬರುವ ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ, ಮಣೆಯ ಚಿತ್ರವನ್ನೂ ನಿಯಮಗಳನ್ನೂ ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರ್ ವಿಭಾಗಕ್ಕೆ ಕೊಡಿ. ಗೆರೆಗಳು ಎಲ್ಲಿ ಸೇರುತ್ತವೆ ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ.