ಡ್ಯುರಾಂಗೊ ಎಸ್‌ಆರ್‌ಟಿ ಮತ್ತು ಟ್ರೇಲರ್, ಭಾಗ 4: ಬ್ರೇಕಿಗೆ ಕರೆಂಟೇ ತಲುಪುತ್ತಿರಲಿಲ್ಲ

ಟ್ರೇಲರಿಗೆ ಅದರದ್ದೇ ಎಲೆಕ್ಟ್ರಿಕ್ ಬ್ರೇಕ್ ಇದೆ: ಗಾಡಿಯಲ್ಲಿರುವ ಕಂಟ್ರೋಲರ್ ಕರೆಂಟ್ ಕಳಿಸಿದರೆ ಡ್ರಮ್ಮಿನೊಳಗಿನ ಮ್ಯಾಗ್ನೆಟ್ ಶೂಗಳನ್ನು ಒತ್ತಿ ಚಕ್ರ ಹಿಡಿಯುತ್ತೆ. ಆದರೆ ಅದು ಹಿಡಿಯುತ್ತಲೇ ಇರಲಿಲ್ಲ. ಕೊನೆಗೂ ಕಳ್ಳ ಸಿಕ್ಕಿಬಿದ್ದ. ಒಬ್ಬನಲ್ಲ, ನಾಲ್ವರು.

ಗಾಡಿ ಅದೇ: ಡಾಜ್ ಡ್ಯುರಾಂಗೊ ಎಸ್‌ಆರ್‌ಟಿ 392 ಎಸ್‌ಯುವಿ, 6.4 ಲೀಟರಿನ ವಿ8, 475 ಅಶ್ವಶಕ್ತಿ, ಎಳೆಯುವ ಮಿತಿ 8,700 ಪೌಂಡ್. ಹಿಂದೆ ಎರಡು ಆಕ್ಸಲಿನ 18 ಅಡಿ ತೆರೆದ ಟ್ರೇಲರ್, ಅದರ ಮೇಲೆ ಟ್ರ್ಯಾಕಿನಲ್ಲಿ ಓಡಿಸುವ ಹಳೇ ಮಿಯಾಟಾ, ಮಾಜ್ಡಾದ ಪುಟ್ಟ ಸ್ಪೋರ್ಟ್ಸ್ ಕಾರು. ಟೈರು, ಟೂಲ್‌ಬಾಕ್ಸ್, ಪೆಟ್ರೋಲ್ ಕ್ಯಾನ್ ಎಲ್ಲ ಸೇರಿ 4,700 ಪೌಂಡ್. ಮೂಕಿಭಾರ, ಅಂದರೆ ಟ್ರೇಲರಿನ ಮೂತಿ ಗಾಡಿಯ ಹಿಚ್ ಮೇಲೆ ಒತ್ತುವ ಭಾರ, 560 ಪೌಂಡ್; ಒಟ್ಟು ತೂಕದ ಶೇ. 12. ಇಂಗ್ಲಿಷಿನ ಟಂಗ್ ವೇಟ್‌ಗೆ ಎತ್ತಿನಗಾಡಿಯ ಈ ಪದಕ್ಕಿಂತ ಒಳ್ಳೇ ಪದ ಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತೆ; ಇಲ್ಲಿ ಎತ್ತಿನ ಬದಲು ಹಿಂದಿನ ಸಸ್ಪೆನ್ಷನ್, ಅಷ್ಟೇ. ಹಿಚ್, ಬಾಲ್ ಎತ್ತರ, ಚೈನು, ಪಟ್ಟಿ ಬಿಗಿಯೋದು ಹಿಂದಿನ ಭಾಗಗಳಲ್ಲೇ ಮುಗಿದಿವೆ.

ಲಾಸ್ ಏಂಜಲೀಸ್ ಕಡೆಯಿಂದ ಬಟನ್‌ವಿಲೋ ರೇಸ್ ಟ್ರ್ಯಾಕಿಗೆ ಹೋಗೋರು ಐ-5 ಹೆದ್ದಾರಿಯಲ್ಲಿ ಗ್ರೇಪ್‌ವೈನ್ ಘಾಟಿ ಇಳಿಯಬೇಕು. ಸುಮಾರು 5 ಮೈಲಿ, ಶೇ. 6ರ ಇಳಿಜಾರು. ಚಾರ್ಮಾಡಿಯ ಥರ ಹೇರ್‌ಪಿನ್ ತಿರುವುಗಳಿಲ್ಲ, ಅದೇ ಕಷ್ಟ: ನೇರ ರಸ್ತೆಯಲ್ಲಿ ವೇಗ ಏರಿದ್ದೇ ಗೊತ್ತಾಗಲ್ಲ. ಟೋ ಮೋಡ್, ಪ್ಯಾಡಲ್ ಒತ್ತಿ ಮೂರನೇ ಗೇರು, ಕ್ಯಾಲಿಫೋರ್ನಿಯಾದ ಟ್ರೇಲರ್ ಮಿತಿಯಾದ ಗಂಟೆಗೆ 55 ಮೈಲಿ. ಕೆಳಗೆ ಬಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಗಾಡಿಯ ಮುಂದಿನ ರೋಟರ್ 430 ಡಿಗ್ರಿ ಫ್ಯಾರನ್‌ಹೀಟ್, ಟ್ರೇಲರ್ ಡ್ರಮ್ 95. ಟ್ರೇಲರ್ ಬ್ರೇಕು ಕೆಲಸವನ್ನೇ ಮಾಡಿಲ್ಲ; ಡ್ರಮ್ಮಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕಾಫಿ ಕುಡಿಯಬಹುದಿತ್ತು.

ಇಂಥ ಗಾಡಿಯ ಗುಣವೂ ಇದೇ, ದೋಷವೂ ಇದೇ. ಮುಂದೆ ಆರು ಪಿಸ್ಟನ್ನಿನ ಬ್ರೆಂಬೊ ಬ್ರೇಕು, 15 ಇಂಚಿನ ರೋಟರ್. ಟ್ರೇಲರಿನ ಸೋಮಾರಿತನವನ್ನೆಲ್ಲ ತಾನೇ ನುಂಗಿಕೊಂಡು ಚೊಕ್ಕವಾಗಿ ನಿಲ್ಲಿಸಿಬಿಡುತ್ತೆ. ಸಾಧಾರಣ ಗಾಡಿಯಾಗಿದ್ದರೆ ಮೊದಲ ಸಿಗ್ನಲ್ಲಿನಲ್ಲೇ ಬೆನ್ನಿಗೆ ಗುದ್ದು ಬಿದ್ದು ವಿಷಯ ಬಯಲಾಗುತ್ತಿತ್ತು.

ಕಂಟ್ರೋಲರಿನ ಗೇನ್, ಅಂದರೆ ಬ್ರೇಕಿನ ಜೋರು ಹೊಂದಿಸುವ ಗುಂಡಿ, ತುದಿಗೆ ತಿರುಗಿಸಿದರೂ ಅಷ್ಟೇ. ಶೂ, ಮ್ಯಾಗ್ನೆಟ್ ಬಿಚ್ಚಿ ನೋಡಿದರೆ ಗ್ರೀಸ್ ಸೋಂಕಿಲ್ಲ, ಗಿಡ್ಡ ಶೂ ಮುಂದಕ್ಕೇ ಇದೆ. ಗಾಡಿಗೂ ಟ್ರೇಲರಿಗೂ ನಡುವಿನ 7 ಪಿನ್ ಪ್ಲಗ್ಗಿನಲ್ಲಿ ಬ್ರೇಕಿನದ್ದಾದ ನೀಲಿ ತಂತಿಗೆ ಮೀಟರ್ ಇಟ್ಟರೆ 12.4 ವೋಲ್ಟ್. ಎಲ್ಲರೂ ಬೇಸ್ತು ಬೀಳೋದು ಇಲ್ಲೇ. ಕರೆಂಟ್ ಹರಿಯದಿದ್ದಾಗ ತುಕ್ಕು ಹಿಡಿದ ಎಳೆಯೊಂದೂ ಪೂರ್ತಿ 12 ವೋಲ್ಟ್ ತೋರಿಸುತ್ತೆ.

ಹೊರೆ ಹಾಕಿಯೇ, ಅಂದರೆ ಮ್ಯಾಗ್ನೆಟ್‌ಗಳಿಗೆ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಕಂಟ್ರೋಲರನ್ನು ಪಕ್ಕಕ್ಕಿಟ್ಟು, 30 ಆಂಪ್ ಫ್ಯೂಸ್ ಮೂಲಕ ಬ್ಯಾಟರಿಯಿಂದ ನೇರ ಪ್ಲಗ್ಗಿಗೆ ಕೊಟ್ಟರೆ ಒಳ್ಳೇದು. ಕಂಟ್ರೋಲರಿನ ಲಿವರನ್ನು ಅರ್ಧ ಒತ್ತಿದಾಗ ಅದು ಕರೆಂಟನ್ನು ಬಿಟ್ಟು ಬಿಟ್ಟು ಪಲ್ಸ್ ಆಗಿ ಕಳಿಸುತ್ತೆ, ಮೀಟರ್ ಬಾಯಿಗೆ ಬಂದ ಸಂಖ್ಯೆ ಹೇಳುತ್ತೆ. ತಂತಿಯನ್ನು ಸುತ್ತುವರಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಡಿಸಿ ಅಳೆಯುವಂಥದ್ದೇ ಇರಲಿ. 10 ಇಂಚಿನ ಡ್ರಮ್ಮಿನ ಮ್ಯಾಗ್ನೆಟ್ ಒಂದಕ್ಕೆ ಸುಮಾರು 3.2 ಓಮ್. ನಾಲ್ಕು ಸಮಾಂತರವಾಗಿ 0.8 ಓಮ್, ಅಂದರೆ 15 ಆಂಪ್ ಹರಿಯಬೇಕು. ಹರಿದದ್ದು 7.6. ಮ್ಯಾಗ್ನೆಟ್ ಹತ್ತಿರ ಉಳಿದದ್ದು 6.1 ವೋಲ್ಟ್!

ಹಾಗಾದರೆ 6.3 ವೋಲ್ಟ್ ಎಲ್ಲಿ ಹೋಯ್ತು? ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಜೋಡಣೆಯ ಆಚೀಚೆ ಇಡುತ್ತ ಬಂದಾಗ ಲೆಕ್ಕ ಚುಕ್ತಾ ಆಯ್ತು. ಪ್ಲಗ್ಗಿನ ಪಿನ್ನು 0.3. ಫ್ರೇಮಿನೊಳಗೆ 25 ಅಡಿ ಓಡಿದ ಬಡಕಲು 16 ಗೇಜ್ ತಂತಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) 0.8. ತಂತಿ ಸುಲಿಯದೆ ಒತ್ತಿ ಕೂರಿಸುವ ಆ ನೀಲಿ ಕ್ಲಿಪ್ 1.2, ಒಡೆದರೆ ಒಳಗೆಲ್ಲ ಹಸಿರು ಪುಡಿ. ಮಿಕ್ಕ 4.0 ವೋಲ್ಟ್ ಪೂರ್ತಿ ಅರ್ತಿಂಗಿನಲ್ಲಿ. ಅರ್ತಿಂಗಿನ ಬಿಳಿ ತಂತಿಯ ರಿಂಗನ್ನು ಫ್ರೇಮಿನ ಬಣ್ಣದ ಮೇಲೇ ಇಟ್ಟು ಬೋಲ್ಟ್ ಬಿಗಿದಿದ್ದಾರೆ ಪುಣ್ಯಾತ್ಮರು. ಬೋಲ್ಟಿನ ಥ್ರೆಡ್ಡಿನ ಮೂಲಕ ಎಷ್ಟು ದಾಟುತ್ತೋ ಅಷ್ಟೇ ಬ್ರೇಕು.

ರಿಪೇರಿಗೆ ಫ್ರೇಮನ್ನು ನಂಬುವುದೇ ಬೇಡ ಅಂತ ತೀರ್ಮಾನ. ನೀಲಿಗೊಂದು, ಬಿಳಿಗೊಂದು ಅಂತ 10 ಗೇಜ್ ತವರ ಲೇಪದ ತಾಮ್ರದ ತಂತಿ ಪ್ಲಗ್ಗಿನಿಂದ ಆಕ್ಸಲ್‌ವರೆಗೆ ನೇರವಾಗಿ. ಜೋಡಣೆಗಳನ್ನು ಕ್ರಿಂಪ್ ಮಾಡಿ (ಒತ್ತಿ ಬಿಗಿದು) ಮೇಲೆ ಒಳಗೆ ಅಂಟಿರುವ ಹೀಟ್‌ಶ್ರಿಂಕ್, ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ. ಎಡದಿಂದ ಬಲಕ್ಕೆ ದಾಟುವ ತಂತಿ ಆಕ್ಸಲ್ ಕೊಳವೆಯ ಒಳಗೆ ಬೇಡ. ಅಲ್ಲಿ ಉಜ್ಜಿ ಉಜ್ಜಿ ಒಂದಿನ ಶಾರ್ಟ್ ಆಗುತ್ತೆ, ಕಣ್ಣಿಗೂ ಕಾಣಲ್ಲ. ಹೊರಗೇ ಕ್ಲ್ಯಾಂಪ್ ಹಾಕಿ ಓಡಿಸಿ.

ತಂತಿ ತರಿಸುವುದೇ ಒಂದು ಪುರಾಣ. ಅಪ್ಪಟ ತಾಮ್ರ ಅಂತ ಬಂದ ಮೊದಲ ಸುರುಳಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ: ತಾಮ್ರ ಬಳಿದ ಅಲ್ಯುಮಿನಿಯಂ. ಎರಡನೆಯದಕ್ಕೆ ಹೊರಕವಚ ಎಮ್ಮೆ ಚರ್ಮದಷ್ಟು ದಪ್ಪ, ಒಳಗಿನದು 12 ಗೇಜೂ ಇಲ್ಲ. ಮೂರನೆಯದಕ್ಕೆ ಸರಿಯಾದದ್ದು ಸಿಕ್ಕಿತು, ಬೆಲೆ ದುಪ್ಪಟ್ಟು. ಯಾವ ತಂತಿ ಬಂದರೂ ಅಳವಡಿಸುವ ಮುಂಚೆ ಒಂದು ತುದಿ ಕೆರೆದು ನೋಡಿ.

ಈಗ 13.9 ಆಂಪ್, ಮ್ಯಾಗ್ನೆಟ್ ಹತ್ತಿರ 11.1 ವೋಲ್ಟ್. ಗೇನ್ ಅರ್ಧಕ್ಕಿಂತ ಕೆಳಗೇ ಸಾಕು. 40 ಮೈಲಿಯಿಂದ 20ಕ್ಕೆ ಇಳಿಸುತ್ತ ಇಪ್ಪತ್ತೈದು ಸಲ ಶೂ ಪಳಗಿಸಿ ಮತ್ತೆ ಗ್ರೇಪ್‌ವೈನ್ ಇಳಿದಾಗ ರೋಟರ್ 290, ಮೂರು ಡ್ರಮ್ಮು 215ರ ಆಸುಪಾಸು, ಎಡ ಹಿಂದಿನದು ಮಾತ್ರ 150. ಅದಕ್ಕೆ ಕಾರಣ, ಶೂ ಮತ್ತು ಡ್ರಮ್ಮಿನ ಅಂತರ ಹೊಂದಿಸುವ ಸ್ಟಾರ್ ವೀಲ್ ಸಡಿಲ. ಚಕ್ರ ತಿರುಗದಷ್ಟು ಬಿಗಿದು, ಶೂ ಸಣ್ಣಗೆ ಸವರುವ ತನಕ ಹಿಂದಕ್ಕೆ ಬಿಟ್ಟರೆ ಮುಗೀತು.

ನಡುವೆ ಒಂದು ದುರಾಸೆಯೂ ಹುಟ್ಟಿದೆ: ಡ್ರಮ್ ತೆಗೆದು ಡಿಸ್ಕ್, ಜೊತೆಗೆ 1,600 ಪಿಎಸ್‌ಐ ಒತ್ತಡ ಕೊಡುವ ಎಲೆಕ್ಟ್ರಿಕ್-ಹೈಡ್ರಾಲಿಕ್ ಆಕ್ಚುಯೇಟರ್, ಅಂದರೆ ಬ್ರೇಕ್ ಎಣ್ಣೆ ಒತ್ತುವ ಕರೆಂಟಿನ ಪಂಪು. ಅದರ ಬೆಲೆಗೆ ಇನ್ನೊಂದು ಹಳೇ ಟ್ರೇಲರೇ ಬರುತ್ತೆ, ಆದರೂ ಬ್ರಾಕೆಟ್ಟಿನ ನಕ್ಷೆ ಶುರುವಾಗಿದೆ.

ಅದಕ್ಕೂ ಮುಂಚೆ ಇನ್ನೊಂದು ಕೆಲಸ ಬಿದ್ದಿದೆ. ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಬ್ಯಾಟರಿ 5 ಆಂಪ್-ಅವರಿನದು. ಕನಿಷ್ಠ 15 ನಿಮಿಷ ತಡೆಯಬೇಕು. ಹಳೇ ವೈರಿಂಗಿನಲ್ಲಿ ಕರೆಂಟೇ ಕಮ್ಮಿ ಇದ್ದದ್ದರಿಂದ ಆರಾಮಾಗಿ ಪಾಸಾಗುತ್ತಿತ್ತು. ಈಗ ಪಿನ್ ಎಳೆದು ಗಡಿಯಾರ ಹಿಡಿದರೆ 12ನೇ ನಿಮಿಷಕ್ಕೇ 9 ವೋಲ್ಟಿಗಿಂತ ಕೆಳಗೆ. 12 ಆಂಪ್-ಅವರ್ ಬ್ಯಾಟರಿ ತಂದಾಗಿದೆ. ಡಬ್ಬಿಯ ಮುಚ್ಚಳ ಅರ್ಧ ಇಂಚು ಮುಚ್ಚುತ್ತಿಲ್ಲ.