ತುಟಿಯ ಗುಳ್ಳೆ, ಕೈಯ ಕೆಂಪು ಚಕ್ರ

ತಮ್ಮನ ಕೈ ಮೇಲೆ ಮತ್ತೆ ಕೆಂಪು ಚಕ್ರಗಳು ಎದ್ದಿವೆ. ಎರಿತೀಮಾ ಮಲ್ಟಿಫಾರ್ಮೆ ಅಂತ ಇದರ ಹೆಸರು. ಹೋದ ಸಲ ಇದು ಬಂದಾಗ ದೊಡ್ಡಮ್ಮ ಪಿತ್ತದ ಗಂಧೆ ಎಂದರು, ಪಕ್ಕದ ಮನೆಯವರು ಸರ್ಪಸುತ್ತು ಎಂದರು. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಏಳುತ್ತದೆ. ಇವನಿಗೆ ಎರಡೂ ಅಂಗೈ, ಎರಡೂ ಮೊಣಕೈ, ಪಾದದ ಮೇಲೂ ಇತ್ತು.

ಚರ್ಮದ ಡಾಕ್ಟರು ಅವನ ಕೈಯನ್ನು ಕಿಟಕಿ ಬೆಳಕಿಗೆ ಹಿಡಿದು ಒಂದು ಕಲೆಯನ್ನು ನನಗೂ ತೋರಿಸಿದರು. ನಡುವೆ ಕಪ್ಪುಗೆಂಪು ಚುಕ್ಕಿ, ಅದರ ಸುತ್ತ ಸ್ವಲ್ಪ ಊದಿದ ಬಿಳಿಚಿದ ಉಂಗುರ, ಹೊರಗೆ ಮತ್ತೊಂದು ಕೆಂಪು ಉಂಗುರ. ಈ ಮೂರು ಸುತ್ತು ಸ್ಪಷ್ಟವಾಗಿ ಕಂಡರೆ ಹೆಚ್ಚಾಗಿ ನೋಡಿಯೇ ಹೇಳಿಬಿಡುತ್ತಾರೆ. ಅನುಮಾನ ಇದ್ದರೆ ಮಾತ್ರ ಚರ್ಮದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಆಮೇಲೆ ಅವರು ಬಾಲ್‌ಪೆನ್ನಿಂದ ಒಂದು ಕಲೆಯ ಸುತ್ತ ಗೆರೆ ಎಳೆದು, "ನಾಳೆ ಇದೇ ಜಾಗ ನೋಡಮ್ಮ" ಎಂದರು. ಗಂಧೆಯಾದರೆ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗಿ ಬೇರೆ ಕಡೆ ಏಳುತ್ತದೆ. ಮರುದಿನ ನೋಡಿದರೆ ಆ ಕಲೆ ಗೆರೆಯೊಳಗೆ ಹಾಗೇ ಕೂತಿತ್ತು.

ನನಗೆ ತುಂಬಾ ಇಷ್ಟವಾಗಿದ್ದು ಅವರು ಕೇಳಿದ ಒಂದು ಪ್ರಶ್ನೆ. "ಇತ್ತೀಚೆಗೆ ತುಟಿ ಮೇಲೆ ಜ್ವರದ ಗುಳ್ಳೆ ಎದ್ದಿತ್ತೇನಪ್ಪಾ?" ಎದ್ದಿತ್ತು! ಆ ಗುಳ್ಳೆ ತರುವ ಹರ್ಪಿಸ್ ವೈರಸ್ಸೇ ಈ ಕಾಯಿಲೆಗೆ ಎಲ್ಲಕ್ಕಿಂತ ದೊಡ್ಡ ಕಾರಣ. ವೈರಸ್ ವಿರುದ್ಧ ಎದ್ದ ನಮ್ಮದೇ ರೋಗನಿರೋಧಕ ಶಕ್ತಿ ಚರ್ಮದ ಮೇಲೆ ತಿರುಗಿಬೀಳುತ್ತದೆ. ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಎಂಬ ಸೋಂಕಿನಿಂದಲೂ ಬರಬಹುದು. ಮಾತ್ರೆಗಳಿಂದ ಬರುವುದು ಕಡಿಮೆ, ಆದರೂ ಹೊಸ ಮಾತ್ರೆ ಏನಾದರೂ ನುಂಗಿದ್ದರೆ ಹೇಳಲೇಬೇಕು. ಈ ಚಕ್ರಗಳು ಮುಟ್ಟಿದರೆ ಅಂಟುವುದಿಲ್ಲ. ದೊಡ್ಡಮ್ಮ ಅವನ ತಟ್ಟೆ, ಲೋಟ ಬೇರೆ ಇಟ್ಟಿದ್ದು ನೋಡಿ ನನಗೆ ಸಂಕಟವಾಗಿತ್ತು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಔಷಧಿ ಜಾಸ್ತಿ ಇಲ್ಲ. ಉರಿಗೆ ಸ್ಟೀರಾಯ್ಡ್ ಮುಲಾಮು, ತುರಿಕೆಗೆ ಮಾತ್ರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಇಳಿಯುತ್ತದೆ. ಆದರೆ ಬಾಯೊಳಗೆ ಹುಣ್ಣಾಗಿ ನೀರೂ ಇಳಿಯದಿದ್ದರೆ, ಕಣ್ಣು ಕೆಂಪಾದರೆ, ಚರ್ಮ ಸುಲಿಯತೊಡಗಿದರೆ ಮನೆಯಲ್ಲಿ ಕಾಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸ್ಟೀವನ್ಸ್ ಜಾನ್ಸನ್ ಎಂಬ ಬೇರೆಯದೇ, ಜೀವಕ್ಕೆ ಅಪಾಯದ ಕಾಯಿಲೆಯೂ ಹೀಗೇ ಶುರುವಾಗಬಹುದು.

ಕಲೆ ಎದ್ದ ಮೇಲೆ ವೈರಸ್ಸಿನ ಮಾತ್ರೆ ಕೊಟ್ಟರೆ ಅಷ್ಟೇನೂ ಉಪಯೋಗವಿಲ್ಲವಂತೆ. ಮತ್ತೆ ಮತ್ತೆ ಬರುವವರಿಗೆ ಮಾತ್ರ ಬರದಂತೆ ತಡೆಯಲು ತಿಂಗಳುಗಟ್ಟಲೆ ಕೊಡುತ್ತಾರೆ. ತಮ್ಮನಿಗೆ ಈಗ ಅಸೈಕ್ಲೋವಿರ್ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಸದ್ಯಕ್ಕೆ 6 ತಿಂಗಳು ಎಂದು ಬರೆದುಕೊಟ್ಟಿದ್ದಾರೆ. ಬಿಸಿಲು ಬಿದ್ದರೂ ತುಟಿಯ ಗುಳ್ಳೆ ಕೆರಳುತ್ತದೆ. ತೋಟಕ್ಕೆ ಹೋಗುವಾಗ ತುಟಿಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳೋ ಎಂದರೆ, "ಹೋಗಕ್ಕಾ, ಗಂಡಸರು ಯಾರಾದ್ರೂ ಹಚ್ತಾರಾ" ಅಂತಾನೆ. ಹಚ್ಚಿಸದೆ ಕಳಿಸುತ್ತಿಲ್ಲ ನಾನು.