ಆಶ್‌ಬೋರ್ನ್‌ನಲ್ಲಿ ಮಲಗಿರುವ ಮಗು: ಥಾಮಸ್ ಬ್ಯಾಂಕ್ಸ್ ಶಿಲ್ಪಗಳನ್ನು ಹುಡುಕಿಕೊಂಡು ಹೊರಡುವವರಿಗೆ

ಥಾಮಸ್ ಬ್ಯಾಂಕ್ಸ್ ಕೆತ್ತಿದ ಶಿಲ್ಪಗಳನ್ನು ನೋಡಲು ಇಂಗ್ಲೆಂಡಿಗೆ ಹೊರಟಿದ್ದೀರಾ? ಮೊದಲು ಚೆನ್ನೈಗೆ ಹೋಗಿ ಬನ್ನಿ. ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನಕ್ಕೆ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂ ತಲುಪಬಹುದು. ಶುಕ್ರವಾರ ರಜೆ, ನೆನಪಿರಲಿ. ಅಲ್ಲಿರುವ, ಟಿಪ್ಪುವನ್ನು ಸೋಲಿಸಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ ಬ್ಯಾಂಕ್ಸ್‌ದೇ. ಜನ ತಲೆಯೆತ್ತಿ ಅವನ ಮುಖ ನೋಡಿ ಮುಂದೆ ಹೋಗುತ್ತಾರೆ. ನೀವು ಪೀಠದ ಹತ್ತಿರ ಬಗ್ಗಿ ನೋಡಿ. 1792ರ ಶ್ರೀರಂಗಪಟ್ಟಣದ ಒಪ್ಪಂದದ ಹೊತ್ತಿಗೆ ಟಿಪ್ಪು ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯ ಅಲ್ಲಿದೆ. ಶ್ರೀರಂಗಪಟ್ಟಣ ನೋಡಿ ಬೆಳೆದ ನಮಗೆ ಅದರ ಮುಂದೆ ಸುಮ್ನೆ ನಿಂತು ಬರಲು ಆಗುವುದಿಲ್ಲ. ನಾನಂತೂ ಆ ಹುಡುಗರನ್ನು ಮನಸ್ಸಲ್ಲಿಟ್ಟುಕೊಂಡೇ ವಿಮಾನ ಹತ್ತಿದೆ.

ಬ್ಯಾಂಕ್ಸ್ ಹುಟ್ಟಿದ್ದು 1735ರಲ್ಲಿ, ಲಂಡನ್‌ನ ಲ್ಯಾಂಬೆತ್‌ನಲ್ಲಿ. ಅಲಂಕಾರದ ಕೆತ್ತನೆ ಮಾಡುವವನ ಹತ್ತಿರ ಕೆಲಸ ಕಲಿತ. 1772ರಲ್ಲಿ ರಾಯಲ್ ಅಕಾಡೆಮಿಯ ಹಣದಲ್ಲಿ ರೋಮ್‌ಗೆ ಹೋಗಿ ಏಳು ವರ್ಷ ಇದ್ದ. ಪುರಾಣದ ವೀರರನ್ನು ಕೆತ್ತಬೇಕೆಂಬುದು ಅವನ ಆಸೆ. ಆದರೆ ಇಂಗ್ಲೆಂಡಿನಲ್ಲಿ ಹಣ ಕೊಡುವವರಿಗೆ ಬೇಕಿದ್ದದ್ದು ತಮ್ಮ ಮುಖ, ಇಲ್ಲವೇ ತೀರಿಕೊಂಡ ತಮ್ಮವರ ಮುಖ. ಆಸೆಯ ಕೆಲಸ ಹೇಗಿತ್ತು ಅಂತ ನೋಡಬೇಕಾದರೆ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. ಗ್ರೀಕ್ ಪುರಾಣದ ವೀರ, ತನ್ನ ಮಗ ಅಕಿಲೀಸ್‌ನನ್ನು ಸಮಾಧಾನ ಮಾಡಲು ತಾಯಿ ಥೆಟಿಸ್ ಸಮುದ್ರದಿಂದ ಎದ್ದು ಬರುವ ಉಬ್ಬುಶಿಲ್ಪ ಅಲ್ಲಿದೆ. ಪ್ರವೇಶಕ್ಕೆ ಟಿಕೆಟ್ ಇಲ್ಲ.

ವೆಸ್ಟ್‌ಮಿನ್‌ಸ್ಟರ್ ಅಬೆಗೆ ಮಾತ್ರ ಟಿಕೆಟ್ ದುಬಾರಿ. ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಭಾನುವಾರ ಪ್ರಾರ್ಥನೆಗೆ ಮಾತ್ರ, ಪ್ರವಾಸಿಗರನ್ನು ಬಿಡುವುದಿಲ್ಲ. ಒಳಗೆ ಉತ್ತರದ ಕಡೆ, ಹೈದರ್ ಅಲಿಯ ವಿರುದ್ಧ ಹೋರಾಡಿದ ಬ್ರಿಟಿಷ್ ಸೇನಾಪತಿ ಸರ್ ಐರ್ ಕೂಟ್‌ಗೆ ಬ್ಯಾಂಕ್ಸ್ ಕೆತ್ತಿದ ಸ್ಮಾರಕವಿದೆ, ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ವಿಜಯದೇವತೆ ಅವನ ಮುಖದ ಪದಕವನ್ನು ತಾಳೆಮರಕ್ಕೆ ತೂಗುಹಾಕುತ್ತಿದ್ದಾಳೆ. ಪಕ್ಕದಲ್ಲಿ ಸೆರೆಸಿಕ್ಕ ಭಾರತೀಯನೊಬ್ಬ ಕೂತಿದ್ದಾನೆ. ಬರಹದಲ್ಲಿ ಹೈದರ್ ಅಲಿಯ ಹೆಸರು ಹುಡುಕಿ, ಇದೆ. ನನಗೆ ಕೂಟ್‌ನ ಮುಖಕ್ಕಿಂತ ಆ ಸೆರೆಯಾಳೇ ಜೀವ ಇರುವವನ ಹಾಗೆ ಕಂಡ.

ಲಂಡನ್‌ಗೆ ಎರಡು ದಿನ ಸಾಕು. ಪೂರ್ತಿ ಒಂದು ದಿನ ಡರ್ಬಿ ಹತ್ತಿರದ ಪುಟ್ಟ ಊರು ಆಶ್‌ಬೋರ್ನ್‌ಗೆ ಇಡಿ. ಬ್ಯಾಂಕ್ಸ್ ಕೆತ್ತಿದ ಮಲಗಿರುವ ಮಗು ಇರುವುದು ಅಲ್ಲಿನ ಚರ್ಚಿನಲ್ಲಿ. ಅಲ್ಲಿಗೆ ರೈಲಿಲ್ಲ. ಸೇಂಟ್ ಪ್ಯಾಂಕ್ರಸ್‌ನಿಂದ ಡರ್ಬಿಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಬಸ್ಸು. ನಾನು ಹೋದದ್ದು ಶನಿವಾರ. ರೈಲು ತಡವಾಗಿ ಬಸ್ಸು ತಪ್ಪಿತು. ಚರ್ಚಿಗೆ ಹೋದರೆ ಒಳಗೆ ಮದುವೆ. ಎರಡು ಗಂಟೆ ಕಾದೆ. ಹಾಗಾಗಿ ವಾರದ ಮಧ್ಯೆ ಹೋಗಿ, ಚರ್ಚ್ ತೆರೆದಿರುತ್ತದಾ ಅಂತ ಮೊದಲೇ ವಿಚಾರಿಸಿ. ಬೇಸಿಗೆಯಾದರೂ ಒಳಗೆ ತಣ್ಣಗಿರುತ್ತೆ, ಸ್ವೆಟರ್ ಇರಲಿ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಶುರುವಾಗುವ ಬುಧವಾರ ಮತ್ತು ಅದರ ಹಿಂದಿನ ಮಂಗಳವಾರ ಬೇಡ. ಆ ಎರಡು ದಿನ ಇಡೀ ಊರೇ ಬೀದಿಗಿಳಿದು ಶ್ರೋವ್‌ಟೈಡ್ ಫುಟ್‌ಬಾಲ್ ಆಡುತ್ತದೆ, ಅಂಗಡಿಗಳೂ ಹಲಗೆ ಬಡಿದುಕೊಂಡಿರುತ್ತವೆ.

ಸೇಂಟ್ ಆಸ್ವಾಲ್ಡ್ ಚರ್ಚಿನ ಬೂತ್‌ಬಿ ಕುಟುಂಬದ ಭಾಗದಲ್ಲಿ ಪೆನೆಲೊಪಿ ಮಲಗಿದ್ದಾಳೆ. ಸರ್ ಬ್ರೂಕ್ ಬೂತ್‌ಬಿಯ ಒಬ್ಬಳೇ ಮಗಳು. 1791ರ ಮಾರ್ಚ್‌ನಲ್ಲಿ ತೀರಿಕೊಂಡಳು, ಆರು ತುಂಬಲು ಇನ್ನೊಂದು ತಿಂಗಳೂ ಇರಲಿಲ್ಲ. ಬಿಳಿ ಅಮೃತಶಿಲೆಯ ಹಾಸಿಗೆ, ದಿಂಬು. ಮಗ್ಗುಲಾಗಿ, ಎರಡೂ ಕೈ ಮುಖದ ಹತ್ತಿರ ಎಳೆದುಕೊಂಡು ಮಲಗಿದ್ದಾಳೆ. ಬರಿಗಾಲು. ನಿಂತು ನೋಡಿದರೆ ಇದು ಸಮಾಧಿ. ಮಂಡಿಯೂರಿ ಅವಳ ಮುಖದ ಮಟ್ಟಕ್ಕೆ ಬಂದರೆ ಜ್ವರ ಇಳಿದು ಈಗಷ್ಟೇ ನಿದ್ದೆ ಹತ್ತಿದ ಮಗು. ನಮ್ಮ ಮನೆಯ ಮಕ್ಕಳೂ ಹೀಗೇ ಮಲಗುತ್ತಾರೆ, ಅಲ್ವಾ? ಹೊದಿಕೆ ಎಳೆದು ಹೊದಿಸಬೇಕು ಅನ್ನಿಸಿ ಕೈ ಮುಂದೆ ಹೋಯಿತು. ಮುಟ್ಟಬೇಡಿ.

ಸುತ್ತಲೂ ನಾಲ್ಕು ಭಾಷೆಯಲ್ಲಿ ಬರಹವಿದೆ. ಇಂಗ್ಲಿಷಿನದನ್ನು ನಿಧಾನವಾಗಿ ಓದಿ. ತಂದೆತಾಯಿ ತಮ್ಮದೆಲ್ಲವನ್ನೂ ಈ ಪುಟ್ಟ ದೋಣಿಯಲ್ಲಿ ಇಟ್ಟಿದ್ದರು, ಅದು ಪೂರ್ತಿ ಮುಳುಗಿಹೋಯಿತು ಅಂತ ಅದರ ಅರ್ಥ. 1793ರಲ್ಲಿ ಇದನ್ನು ಲಂಡನ್‌ನ ಪ್ರದರ್ಶನದಲ್ಲಿ ಇಟ್ಟಾಗ ರಾಣಿ ಷಾರ್ಲೆಟ್ ಕಣ್ಣೀರು ಹಾಕಿದಳಂತೆ. ನಾನು ನಂಬುತ್ತೇನೆ. ಇದಾದ ಕೆಲವೇ ವರ್ಷಕ್ಕೆ ಇದೇ ಕೈ ಟಿಪ್ಪುವಿನ ಮಕ್ಕಳನ್ನೂ ಕೆತ್ತಿತು. ಅವರು ಗೆದ್ದವನ ಪಾದದ ಕೆಳಗಿನ ಕಥೆಯಾದರು, ಇವಳಿಗೆ ಅವಳದೇ ಹಾಸಿಗೆ ಸಿಕ್ಕಿತು. ಮೊದಲು ಚೆನ್ನೈಗೆ ಹೋಗಿ ಎಂದು ಹೇಳಿದ್ದು ಇದಕ್ಕೇ.

ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಇಳಿದ ಕೂಡಲೇ ನೋಡಿಟ್ಟುಕೊಳ್ಳಿ. ಊರಿನ ಜಿಂಜರ್‌ಬ್ರೆಡ್ ಹೆಸರುವಾಸಿ, ದಾರಿಗೆ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ. ಮರಳುವ ದಿನ ಹೀಥ್ರೂಗೆ ಪ್ಯಾಡಿಂಗ್ಟನ್‌ನಿಂದ ರೈಲು ಹಿಡಿಯುವುದಾದರೆ ಒಂದು ಗಂಟೆ ಮುಂಚೆ ಹೊರಡಿ. ಸ್ಟೇಷನ್‌ನಿಂದ ನಡೆದೇ ಹೋಗುವಷ್ಟು ಹತ್ತಿರ, ಪ್ಯಾಡಿಂಗ್ಟನ್ ಗ್ರೀನ್‌ನ ಸೇಂಟ್ ಮೇರಿ ಚರ್ಚ್ ಇದೆ. 1805ರಲ್ಲಿ ತೀರಿಕೊಂಡ ಬ್ಯಾಂಕ್ಸ್‌ನನ್ನು ಮಣ್ಣು ಮಾಡಿದ್ದು ಅಲ್ಲೇ.